ಆಲಿವರ್ ಹೆವಿಸೈಡ್

ಊರ ಹೊರಗೆ ಎತ್ತರವಾದ ಉಕ್ಕಿನ ಗೋಪುರಗಳ ಮೇಲೆ ಸಾಲಾಗಿ ಹಾದುಹೋಗುವ ವಿದ್ಯುತ್ ತಂತಿಗಳನ್ನು ನಾವೆಲ್ಲರೂ ರೈಲಿನ ಕಿಟಕಿಯಿಂದ ನೋಡಿದ್ದೇವೆ. ಅವು ದೀಪಕ್ಕೂ ಯಂತ್ರಕ್ಕೂ ಬೇಕಾದ ಶಕ್ತಿಯನ್ನು ಮಾತ್ರ ಒಯ್ಯುತ್ತವೆಂದು ಭಾವಿಸುವುದು ಸಹಜ. ಆದರೆ ಅವುಗಳಲ್ಲಿ ಹಲವು ಅದೇ ಹೊತ್ತಿನಲ್ಲಿ ಸಂದೇಶಗಳನ್ನೂ ಒಯ್ಯುತ್ತಿರುತ್ತವೆ. ತಂತಿಗೆ ಒಪ್ಪಿಸಿದ ಸಂದೇಶವು ಆಚೆಯ ತುದಿಯನ್ನು ಯಾವ ರೂಪದಲ್ಲಿ ಮುಟ್ಟೀತೆಂಬುದನ್ನು ಲೆಕ್ಕದಿಂದ ತಿಳಿಯುವ ಮಾರ್ಗವನ್ನು ತೋರಿಸಿಕೊಟ್ಟವನು, ಕಾಲೇಜಿನ ಮೆಟ್ಟಿಲನ್ನು ಹತ್ತದ ಆಲಿವರ್ ಹೆವಿಸೈಡ್.

ಈತನು ೧೮೫೦ನೆಯ ಇಸವಿ ಮೇ ೧೮ರಂದು ಲಂಡನ್ನಿನ ಕ್ಯಾಮ್ಡನ್ ಟೌನಿನಲ್ಲಿ ಜನಿಸಿದನು. ತಂದೆಯು ಮರದಲ್ಲಿ ಚಿತ್ರದ ಅಚ್ಚುಗಳನ್ನು ಕೊರೆದು ಜೀವಿಸುತ್ತಿದ್ದನು, ಮನೆಯಲ್ಲಿ ಬಡತನ. ಬಾಲ್ಯದಲ್ಲಿ ಬಂದ ಸ್ಕಾರ್ಲೆಟ್ ಜ್ವರದಿಂದ ಹುಡುಗನ ಕಿವಿ ಮಂದವಾಯಿತು. ಓರಗೆಯ ಮಕ್ಕಳ ಒಡನಾಟವೂ ತಪ್ಪಿತು. ಹದಿನಾರನೆಯ ವಯಸ್ಸಿಗೆ ಶಾಲೆ ಮುಗಿಯಿತು. ತಂತಿ ವಾರ್ತೆಯ ಆದ್ಯರಲ್ಲೊಬ್ಬನಾದ ಚಾರ್ಲ್ಸ್ ವ್ಹೀಟ್‌ಸ್ಟನ್ ಈತನ ತಾಯಿಯ ಸೋದರಿಯ ಪತಿ. ಆ ನಂಟಿನಿಂದ ಹುಡುಗನು ಆ ಕಡೆಗೆ ತಿರುಗಿ, ೧೮೬೮ರಲ್ಲಿ ಡೆನ್ಮಾರ್ಕಿಗೆ ಹೋಗಿ ತಂತಿ ಕೆಲಸಗಾರನಾದನು. (ನಮ್ಮ ದೇಶದಲ್ಲಿ ತಂತಿ ವಾರ್ತೆಯು ೨೦೧೩ರ ಜುಲೈಯಲ್ಲಿ ನಿಂತುಹೋದುದರಿಂದ ಇಂದಿನ ಬಾಲಕರು ಅದನ್ನು ಕಂಡಿರಲಾರರು. ಚುಕ್ಕೆ ಗೆರೆಗಳ ಸಂಕೇತದಿಂದ ಅಕ್ಷರಗಳನ್ನು ಕಳುಹುವ ಏರ್ಪಾಡು ಅದು.) ೧೮೭೪ರಲ್ಲಿ ಆ ಉದ್ಯೋಗವನ್ನೂ ಬಿಟ್ಟನು. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಮತ್ತೆ ಯಾವ ನೌಕರಿಯನ್ನೂ ಹಿಡಿಯಲಿಲ್ಲ. ಮನೆಯ ಕೋಣೆಯಲ್ಲಿ ಕುಳಿತು, ಹೊಸದಾಗಿ ಹೊರಬಂದಿದ್ದ ಮ್ಯಾಕ್ಸ್‌ವೆಲ್ಲನ ವಿದ್ಯುದ್‌ಗ್ರಂಥವನ್ನು ಅಭ್ಯಸಿಸತೊಡಗಿದನು.

ಅಂದಿನ ಸಂಕಟವೊಂದಿತ್ತು. ಸಮುದ್ರದಡಿಯ ದೀರ್ಘವಾದ ತಂತಿಯ ಈ ತುದಿಯಲ್ಲಿ ಸ್ಫುಟವಾದ ಸಂಕೇತವನ್ನು ಕೊಟ್ಟರೆ, ಆ ತುದಿಯಲ್ಲಿ ಅದು ಒದ್ದೆ ಕಾಗದದ ಮೇಲಣ ಮಸಿಯ ಹನಿಯಂತೆ ಹರಡಿ, ಹಿಂದೆ ಬರುವ ಸಂಕೇತದೊಡನೆ ಬೆರೆತುಬಿಡುತ್ತಿತ್ತು. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ನನು ತಂತಿಯ ರೋಧ ಮತ್ತು ವಿದ್ಯುತ್ತನ್ನು ಕೂಡಿಡುವ ಧಾರಣಶಕ್ತಿ ಇವೆರಡನ್ನೇ ಹಿಡಿದು ಇದಕ್ಕೆ ಲೆಕ್ಕವನ್ನು ಕಟ್ಟಿದ್ದನು. ಹೆವಿಸೈಡನು ೧೮೭೬ರಲ್ಲಿ ಅದಕ್ಕೆ ಸ್ವಪ್ರೇರಣೆಯನ್ನು ಸೇರಿಸಿದನು. ಹೇರು ತುಂಬಿದ ಗಾಡಿಯು ಬೇಗನೆ ಹೊರಡದು, ಹೊರಟರೆ ಬೇಗನೆ ನಿಲ್ಲದು. ಪ್ರವಾಹಕ್ಕೆ ಅಂತಹ ಗುಣವನ್ನು ಕೊಡುವುದೇ ಸ್ವಪ್ರೇರಣೆ. ತಂತಿಯಿಂದ ಹೊರಕ್ಕಾಗುವ ಸೋರಿಕೆಯನ್ನೂ ಅವನು ಬಿಡಲಿಲ್ಲ. ಹೀಗೆ ತಂತಿಯ ಪ್ರತಿಯೊಂದು ಚಿಕ್ಕ ತುಂಡಿಗೂ ನಾಲ್ಕು ಅಳತೆಗಳಾದುವು.

ಇದರಿಂದ ೧೮೮೭ರಲ್ಲಿ ಒಂದು ಅಪೂರ್ವವಾದ ಫಲವು ದೊರೆಯಿತು. ರೋಧಕ್ಕೂ ಸ್ವಪ್ರೇರಣೆಗೂ ಇರುವ ಪ್ರಮಾಣವು ಸೋರಿಕೆಗೂ ಧಾರಣಶಕ್ತಿಗೂ ಇರುವ ಪ್ರಮಾಣಕ್ಕೆ ಸಮನಾದರೆ, ಸಂದೇಶವು ಕ್ಷೀಣಿಸಿದರೂ ಅದರ ಆಕಾರವು ಕೆಡುವುದಿಲ್ಲ! ಸಾಮಾನ್ಯ ತಂತಿಗಳಲ್ಲಿ ಸ್ವಪ್ರೇರಣೆ ಸಾಲದು. ಆದುದರಿಂದ ಅದನ್ನು ಹೆಚ್ಚಿಸಬೇಕೆಂದು ಹೆವಿಸೈಡನು ವಾದಿಸಿದನು. ಬ್ರಿಟಿಷ್ ಅಂಚೆ ಇಲಾಖೆಯ ವಿದ್ಯುತ್ ಅಧಿಕಾರಿ ವಿಲಿಯಂ ಪ್ರೀಸನಾದರೋ ಸ್ವಪ್ರೇರಣೆಯು ಟೆಲಿಫೋನಿಗೆ ಶತ್ರುವೆಂದೇ ನಂಬಿದ್ದವನು. ಹೆವಿಸೈಡನು ತನ್ನ ಅಣ್ಣನೊಡನೆ ಬರೆದ ಲೇಖನವು ಅವನ ಅಡ್ಡಿಯಿಂದ ಬೆಳಕು ಕಾಣಲಿಲ್ಲ. ಅಧಿಕಾರವಿದ್ದ ಕಡೆ ಗಣಿತವಿರಲಿಲ್ಲ, ಗಣಿತವಿದ್ದ ಕಡೆ ಅಧಿಕಾರವಿರಲಿಲ್ಲ. ಕೆಲವು ವರ್ಷಗಳ ಮೇಲೆ ಅಮೆರಿಕದಲ್ಲಿ ಕ್ಯಾಂಬೆಲ್ ಮತ್ತು ಪುಪಿನ್ ಎಂಬವರು ಟೆಲಿಫೋನ್ ತಂತಿಯಲ್ಲಿ ಅಲ್ಲಲ್ಲಿ ಸುರುಳಿಗಳನ್ನು ಜೋಡಿಸುವ ಕ್ರಮವನ್ನು ರೂಪಿಸಿದರು. ೧೯೦೦ರಲ್ಲಿ ಪುಪಿನ್ನನಿಗೆ ಪೇಟೆಂಟೂ ಹಣವೂ ದೊರೆತುವು. ಈ ವಿಚಾರಕ್ಕೆ ಪೇಟೆಂಟನ್ನು ಪಡೆಯದಿದ್ದ ಹೆವಿಸೈಡನಿಗೆ ಅದರಿಂದ ಏನೂ ದೊರೆಯಲಿಲ್ಲ.

ಇನ್ನು ಗೋಪುರದ ತಂತಿಗಳ ಮಾತು. ನಮ್ಮಲ್ಲಿ ಅವುಗಳ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಆವರ್ತಿಸುತ್ತದೆ. ಅದರ ಮೇಲೆ ಸೆಕೆಂಡಿಗೆ ಸಹಸ್ರಾರು, ಲಕ್ಷಾಂತರ ಸಲ ಆವರ್ತಿಸುವ ಸಂದೇಶದ ಅಲೆಯನ್ನು ಹೇರುತ್ತಾರೆ. ಆದರೆ ಆ ತಂತಿಯು ಸಂದೇಶಕ್ಕಾಗಿ ಹುಟ್ಟಿದುದಲ್ಲ. ಊರೊಳಗಿನ ಸಾಲುಗಳಲ್ಲಂತೂ ಕವಲೊಡೆಯುವೆಡೆಗಳಲ್ಲಿ ಅಲೆಯ ಒಂದಂಶವು ಪ್ರತಿಧ್ವನಿಯಂತೆ ಹಿಂದಿರುಗುವುದರಿಂದ ಒಂದೇ ಸಂದೇಶವು ಹಿಂದುಮುಂದಾಗಿ ಹಲವು ಸಲ ಬಂದು ಮುಟ್ಟುತ್ತದೆ. ಯಾವುದೋ ಮೋಟಾರು ತಿರುಗಿದರೆ ಗದ್ದಲವೇಳುತ್ತದೆ. ಮಳೆಯಲ್ಲಿ ಪಿಂಗಾಣಿಯ ಅವಾಹಕಗಳು ನೆನೆದರೆ ಸೋರಿಕೆ ಹೆಚ್ಚುತ್ತದೆ. ಇವನ್ನೆಲ್ಲ ಗಣಕಯಂತ್ರದಲ್ಲಿ ಮೊದಲೇ ಲೆಕ್ಕಹಾಕಬೇಕಾದ ಇಂದಿನ ಇಂಜಿನಿಯರನು ಮೊದಲು ಬರೆದುಕೊಳ್ಳುವುದು ಹೆವಿಸೈಡನ ಆ ನಾಲ್ಕು ಅಳತೆಗಳನ್ನೇ.

ಮ್ಯಾಕ್ಸ್‌ವೆಲ್ಲನ ಹಲವಾರು ಸಮೀಕರಣಗಳನ್ನು ಇಂದು ಕಾಲೇಜುಗಳಲ್ಲಿ ಕಲಿಸುವ ನಾಲ್ಕಕ್ಕೆ ಇಳಿಸಿದವರಲ್ಲಿ ಇವನು ಪ್ರಮುಖನು. ೧೮೯೧ರಲ್ಲಿ ರಾಯಲ್ ಸೊಸೈಟಿಯು ಇವನನ್ನು ಸದಸ್ಯನನ್ನಾಗಿ ಆರಿಸಿತು. ಕೆಲವೇ ವರ್ಷಗಳಲ್ಲಿ ಅದೇ ಸೊಸೈಟಿಯು ಇವನ ಗಣಿತವು ಕ್ರಮಬದ್ಧವಲ್ಲವೆಂದು ಲೇಖನವನ್ನು ನಿರಾಕರಿಸಿತು. ವಾಯುಮಂಡಲದ ಮೇಲೆ ರೇಡಿಯೋ ಅಲೆಗಳನ್ನು ಹಿಂದಿರುಗಿಸುವ ಪದರವಿರಬಹುದೆಂದು ೧೯೦೨ರಲ್ಲಿ ಇವನು ಊಹಿಸಿದನು. ಆಪಲ್ಟನ್ ಮತ್ತು ಬಾರ್ನೆಟ್ಟರು ಪ್ರಯೋಗದಿಂದ ಅದನ್ನು ಕಂಡದ್ದು ೧೯೨೪ರ ಡಿಸೆಂಬರಿನಲ್ಲಿ. ಆಗ ಹೆವಿಸೈಡನು ಟಾರ್ಕೀ ಎಂಬ ಕಡಲತೀರದ ಊರಿನಲ್ಲಿ ಒಬ್ಬಂಟಿಗನಾಗಿ, ಕಿವುಡನಾಗಿ, ಸಣ್ಣ ಸರ್ಕಾರಿ ವೇತನದಲ್ಲಿ ದಿನ ಕಳೆಯುತ್ತಿದ್ದನು. ೧೯೨೫ರ ಫೆಬ್ರವರಿ ೩ರಂದು ಅವನು ಮೃತನಾದನು. ಸಮೀಪದ ಪೇಂಟನ್ ಊರಿನಲ್ಲಿ ತಂದೆತಾಯಿಗಳ ಸಮಾಧಿಯಲ್ಲಿಯೇ ಅವನನ್ನೂ ಇರಿಸಿದರು.