ಶಿಲೆಯ ಸಾರವನ್ನು ನೀರಿನಲ್ಲಿ ಕಂಡ ಬುನ್ಸೆನ್

ನೆಲದೊಳಗಿನ ನೀರು ತಾನು ಹಾದುಬಂದ ಶಿಲೆಯ ಗುಣವನ್ನು ಹೊತ್ತು ತರುತ್ತದೆ. ಒಂದೂರಿನ ಬಾವಿಯ ನೀರು ಸಿಹಿಯಾಗಿಯೂ ನೆರೆಯೂರಿನದು ಸವುಳಾಗಿಯೂ ಇರುವುದಕ್ಕೆ ಇದೂ ಒಂದು ಕಾರಣ. ಈ ತತ್ತ್ವವನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ರಾಬರ್ಟ್ ಬುನ್ಸೆನ್ ಪ್ರಮುಖನು. ಪ್ರಯೋಗಶಾಲೆಯ ಬುನ್ಸೆನ್ ದೀಪದಿಂದ ಅವನ ಹೆಸರು ವಿದ್ಯಾರ್ಥಿಗಳಿಗೆ ಚಿರಪರಿಚಿತ. ನೀರನ್ನು ಕುರಿತು ಅವನು ನಡೆಸಿದ ಸಂಶೋಧನೆ ಅಷ್ಟು ಪರಿಚಿತವಲ್ಲ.

1811ರಲ್ಲಿ ಗಟಿಂಗೆನ್ ನಗರದಲ್ಲಿ ಜನಿಸಿದ ಬುನ್ಸೆನ್ ಅಲ್ಲಿಯೇ ವ್ಯಾಸಂಗ ಮುಗಿಸಿ ಅಧ್ಯಾಪಕನಾದನು. ಆರ್ಸೆನಿಕ್ ಸಂಯುಕ್ತಗಳ ಸಂಶೋಧನೆಯಲ್ಲಿ ತೊಡಗಿದ್ದಾಗ ಸಂಭವಿಸಿದ ಸ್ಫೋಟದಲ್ಲಿ ಬಲಗಣ್ಣಿನ ದೃಷ್ಟಿಯನ್ನು ಕಳೆದುಕೊಂಡನು. ವಿಷದಿಂದ ಪ್ರಾಣಕ್ಕೇ ಕುತ್ತು ಬಂದಿತ್ತು. ಆದರೂ ಅವನ ಜ್ಞಾನದಾಹ ಕುಂದಲಿಲ್ಲ.

1845ರಲ್ಲಿ ಐಸ್‌ಲೆಂಡಿನ ಹೆಕ್ಲಾ ಜ್ವಾಲಾಮುಖಿ ಸಿಡಿಯಿತು. ಮರುವರ್ಷ ಬುನ್ಸೆನ್ ಆ ದ್ವೀಪಕ್ಕೆ ತೆರಳಿ ಬಿಸಿನೀರಿನ ಬುಗ್ಗೆಗಳನ್ನು ಪರಿಶೀಲಿಸಿದನು. ಅವುಗಳ ನೀರಿನಲ್ಲಿ ಸಿಲಿಕಾ ಮೊದಲಾದ ಪದಾರ್ಥಗಳು ಕರಗಿದ್ದವು. ಅವು ಬಂದುದು ಭೂಗರ್ಭದ ಶಿಲಾಪಾಕದಿಂದಲೋ, ಸುತ್ತಲಿನ ಕಲ್ಲಿನಿಂದಲೋ? ಬುನ್ಸೆನ್ ಬುಗ್ಗೆಗಳ ಬಳಿಯ ಶಿಲೆಯನ್ನು ಮಳೆಯ ನೀರಿನಲ್ಲಿ ಅನೇಕ ಗಂಟೆಗಳ ಕಾಲ ಕುದಿಸಿ ನೋಡಿದನು. ದೊರೆತ ದ್ರಾವಣವು ಬುಗ್ಗೆಯ ನೀರನ್ನೇ ಹೋಲುತ್ತಿತ್ತು. ಇಳೆಗೆ ಇಳಿದ ಮಳೆಯ ನೀರೇ ಒಳಗೆ ಕಾದು, ಕಲ್ಲಿನ ಅಂಶಗಳನ್ನು ಕರಗಿಸಿಕೊಂಡು ಮೇಲೇಳುತ್ತದೆಂಬುದು ಇದರಿಂದ ವ್ಯಕ್ತವಾಯಿತು.

1852ರಲ್ಲಿ ಹೈಡೆಲ್‌ಬರ್ಗಿನ ಪ್ರಾಧ್ಯಾಪಕನಾದ ಮೇಲೂ ಅವನು ನೀರಿನ ಪರೀಕ್ಷೆಯನ್ನು ಬಿಡಲಿಲ್ಲ. 1860ರಲ್ಲಿ ಕಿರ್ಕಾಫ್‌ನೊಡನೆ ಡ್ಯೂರ್ಕ್‌ಹೈಮ್ ಚಿಲುಮೆಯ ನೀರನ್ನು ರೋಹಿತದರ್ಶಕದಿಂದ ಪರೀಕ್ಷಿಸಿ, ಸೀಸಿಯಂ ಎಂಬ ಹೊಸ ಧಾತುವನ್ನು ಕಂಡುಹಿಡಿದನು. ಅದರ ಕೆಲವೇ ಗ್ರಾಂ ಲವಣವನ್ನು ಪಡೆಯಲು 40 ಟನ್ನುಗಳಿಗೂ ಅಧಿಕ ನೀರನ್ನು ಇಂಗಿಸಬೇಕಾಯಿತು. 1861ರಲ್ಲಿ ಲೆಪಿಡೊಲೈಟ್ ಎಂಬ ಖನಿಜದಲ್ಲಿ ದೊರೆತ ರುಬಿಡಿಯಂ ಧಾತುವು ಅದೇ ಚಿಲುಮೆಯ ನೀರಿನಲ್ಲಿಯೂ ಇದ್ದಿತು.

ಐಸ್‌ಲೆಂಡಿನ ನಿರ್ಣಯಕ್ಕೆ ಮಾತ್ರ ಬಹುಕಾಲ ತಕ್ಕ ಮನ್ನಣೆ ದೊರೆಯಲಿಲ್ಲ. ಬಿಸಿಬುಗ್ಗೆಯ ಲವಣಗಳೆಲ್ಲ ಶಿಲಾಪಾಕದಿಂದಲೇ ಬರುತ್ತವೆಂದು ಅನೇಕರು ನಂಬಿದ್ದರು. 1899ರಲ್ಲಿ ಬುನ್ಸೆನ್ ನಿಧನನಾದನು. 1964ರಲ್ಲಿ ನ್ಯೂಜಿಲೆಂಡಿನ ಎಲಿಸ್ ಮತ್ತು ಮಹೋನ್ ಜ್ವಾಲಾಮುಖಿ ಶಿಲೆಗಳನ್ನು ನೀರಿನೊಡನೆ ಅಧಿಕ ಒತ್ತಡದಲ್ಲಿ ಕಾಯಿಸಿ, ಅಂತಹ ನೀರಿನ ಬಹುತೇಕ ಘಟಕಗಳು ಶಿಲೆಯಿಂದಲೇ ಬರಬಲ್ಲವೆಂದು ತೋರಿಸಿದರು.

ಇದು ದೂರದ ದ್ವೀಪಗಳಿಗಷ್ಟೇ ಸಂಬಂಧಿಸಿದ ಸಂಗತಿಯಲ್ಲ. ನಮ್ಮ ಕೋಲಾರದಂತಹ ಜಿಲ್ಲೆಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಬೆರೆತು ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಕೂಡ ಬಹುಮಟ್ಟಿಗೆ ಗ್ರಾನೈಟ್ ಶಿಲೆಯ ಖನಿಜಗಳಿಂದ ಕರಗಿ ಬಂದುದೇ. ತಿಳಿಯಾಗಿ ಕಂಡ ನೀರೆಲ್ಲ ಶುದ್ಧವೆಂದು ನಂಬದೆ ಪರೀಕ್ಷಿಸಿ ಕುಡಿಯುವ ವಿವೇಕ ಈ ವಿಜ್ಞಾನದ ಫಲ. ತನ್ನ ಶೋಧಗಳಿಗೆ ಪೇಟೆಂಟ್ ಹಕ್ಕನ್ನು ಬಯಸದೆ ಲೋಕಕ್ಕೆ ಒಪ್ಪಿಸಿದ ಬುನ್ಸೆನ್ನನ ಜೀವನ ವಿದ್ಯಾರ್ಥಿಗಳಿಗೆ ಅನುಕರಣೀಯವಾದುದು.