ಮರಳುಗಾಡಿನ ಒಂಟಿ ಪಯಣಿಗಳು ಗರ್ಟ್ರೂಡ್ ಬೆಲ್

ಹೆಂಗಸೊಬ್ಬಳು ಒಂಟಿಯಾಗಿ ದೂರದ ಪ್ರಯಾಣಕ್ಕೆ ಹೊರಡುವಳೆಂದರೆ ನಮ್ಮ ಮನೆಗಳಲ್ಲಿ ಇಂದಿಗೂ ಮೊದಲು ಏಳುವ ಪ್ರಶ್ನೆ, ಜೊತೆಗೆ ಯಾರಿದ್ದಾರೆ ಎಂಬುದು. ಮುಂಬಯಿಯ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುವ ಮಗಳು ರಾತ್ರಿಯ ಬಸ್ಸಿನಲ್ಲಿ ಊರಿಗೆ ಹೊರಟಳೆಂದರೆ, ಬೆಳಗಾಗಿ ಆಕೆ ಮನೆಯ ಹೊಸ್ತಿಲು ತುಳಿಯುವವರೆಗೂ ತಾಯಿಗೆ ನಿದ್ರೆಯಿಲ್ಲ. ಆ ತಾಯಿಯ ಆತಂಕವನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ದಾರಿಯೇ ಇಲ್ಲದ, ಒಂದು ಬಾವಿಯಿಂದ ಮತ್ತೊಂದು ಬಾವಿಗೆ ದಿನಗಟ್ಟಲೆ ನಡೆಯಬೇಕಾದ ಅರಬಸ್ತಾನದ ಮರಳುಗಾಡನ್ನು 1914ರಲ್ಲಿ ದಾಟಿ ಜೀವಸಹಿತ ಮರಳಿದ ಇಂಗ್ಲಿಷ್ ಮಹಿಳೆಯೊಬ್ಬಳ ವೃತ್ತಾಂತವನ್ನು ನಮ್ಮ ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ. ಆಕೆ ಹೇಗೆ ಸುರಕ್ಷಿತಳಾಗಿ ಉಳಿದಳೆಂಬುದೇ ಇಲ್ಲಿ ನಮಗೆ ಮುಖ್ಯವಾದ ವಿಷಯ.

ಗರ್ಟ್ರೂಡ್ ಬೆಲ್ ಜನಿಸಿದುದು 1868ನೆಯ ಇಸವಿ ಜುಲೈ 14ರಂದು, ಇಂಗ್ಲೆಂಡಿನ ಉತ್ತರಭಾಗದ ಡರ್ಹಮ್ ಪ್ರಾಂತದಲ್ಲಿ. ಅಜ್ಜ ಸರ್ ಐಸಾಕ್ ಲೋಥಿಯನ್ ಬೆಲ್ ಕಬ್ಬಿಣದ ಕಾರಖಾನೆಗಳ ಒಡೆಯ. ಮನೆಯಲ್ಲಿ ಹಣಕ್ಕೆ ಕೊರತೆಯಿರಲಿಲ್ಲ. ಮೂರು ವರ್ಷ ತುಂಬುವಷ್ಟರಲ್ಲಿ ತಾಯಿ ತೀರಿಕೊಂಡಳು. ಮುಂದೆ ಬಂದ ಮಲತಾಯಿ ಫ್ಲಾರೆನ್ಸ್ ಹುಡುಗಿಯನ್ನು ವಾತ್ಸಲ್ಯದಿಂದ ಸಾಕಿದಳು. ತಂದೆ ಮತ್ತು ಮಲತಾಯಿಗೆ ಆಕೆ ಬದುಕಿನುದ್ದಕ್ಕೂ ಬರೆದ ಪತ್ರಗಳಿಂದಲೇ ಆಕೆಯ ಚರಿತ್ರೆ ನಮಗೆ ಇಷ್ಟು ವಿವರವಾಗಿ ದೊರೆತಿರುವುದು. ಆಕ್ಸ್‌ಫರ್ಡಿನಲ್ಲಿ ಎರಡೇ ವರ್ಷ ಓದಿ, ಇತಿಹಾಸದಲ್ಲಿ ಪ್ರಥಮ ದರ್ಜೆ ಪಡೆದ ಮೊದಲ ಮಹಿಳೆಯೆನಿಸಿದಳು. ಆದರೂ ಆ ವಿಶ್ವವಿದ್ಯಾನಿಲಯವು ಅಂದು ಹೆಂಗಸರಿಗೆ ಪದವಿ ಕೊಡುತ್ತಿರಲಿಲ್ಲ. 1920ರವರೆಗೂ ಅಲ್ಲಿ ಅದೇ ನಿಯಮವಿದ್ದಿತು.

ಇಲ್ಲೊಂದು ಸೋಜಿಗವನ್ನು ಗಮನಿಸಬೇಕು. ಅಂದಿನ ಲಂಡನ್ ನಗರದಲ್ಲಿ ಶ್ರೀಮಂತ ಮನೆತನದ ಅವಿವಾಹಿತ ಕನ್ಯೆ ಚಿತ್ರಪ್ರದರ್ಶನಕ್ಕೆ ಹೋಗಬೇಕಾದರೂ ಹಿರಿಯ ಹೆಂಗಸೊಬ್ಬಳು ಬೆಂಗಾವಲಾಗಿ ಇರಲೇಬೇಕಿತ್ತು. ಅಂತಹ ಸಮಾಜದಲ್ಲಿ ಬೆಳೆದವಳೇ ಮುಂದೆ ಬೆದೂಯಿನರ ಗುಡಾರಗಳಲ್ಲಿ ಶೇಖರೊಡನೆ ಸರಿಸಮಾನಳಾಗಿ ಕುಳಿತು ಕಾಫಿ ಕುಡಿದಳು.

1892ರಲ್ಲಿ ಬಂಧುಗಳೊಡನೆ ತೆಹರಾನಿಗೆ ಹೋದಾಗ ಆಕೆಗೆ ಪೂರ್ವದೇಶಗಳ ಹುಚ್ಚು ಹಿಡಿಯಿತು. ಅಲ್ಲಿಯ ಬ್ರಿಟಿಷ್ ದೂತಾವಾಸದ ಹೆನ್ರಿ ಕಡೋಗನ್ ಎಂಬ ತರುಣನನ್ನು ಮೆಚ್ಚಿದಳು. ತಂದೆ ಒಪ್ಪಲಿಲ್ಲ. ಮರುವರ್ಷವೇ ಆ ತರುಣ ತೀರಿಕೊಂಡನು. ಆಕೆ ಮದುವೆಯಾಗದೆಯೇ ಉಳಿದಳು. ಪಾರಸಿಯನ್ನು ಕಲಿತು ಹಾಫಿಜ್ ಕವಿಯ ಪದ್ಯಗಳನ್ನು ಇಂಗ್ಲಿಷಿಗೆ ತಂದಳು. ಆಲ್ಪ್ಸ್ ಪರ್ವತಗಳನ್ನು ಹತ್ತುವ ಹವ್ಯಾಸವೂ ಅಂಟಿಕೊಂಡಿತು. 1902ರಲ್ಲಿ ಫಿನ್‌ಸ್ಟರಾರ್‌ಹಾರ್ನ್ ಶಿಖರವನ್ನು ಈಶಾನ್ಯದ ಕಡಿದಾದ ಮಗ್ಗುಲಿನಿಂದ ಏರಹೊರಟಾಗ ಹಿಮದ ಬಿರುಗಾಳಿ ಎದ್ದಿತು. ಆಕೆಯೂ ಇಬ್ಬರು ಮಾರ್ಗದರ್ಶಕರೂ 53 ಗಂಟೆಗಳ ಕಾಲ ಒಂದೇ ಹಗ್ಗಕ್ಕೆ ಜೋತುಕೊಂಡಿದ್ದು, ಶಿಖರವನ್ನು ಮುಟ್ಟದೆಯೇ ಕೆಳಗಿಳಿದು ಬಂದರು. ಹಿಂದಿರುಗಬೇಕಾದ ಗಳಿಗೆ ಯಾವುದೆಂದು ತಿಳಿಯುವ ವಿವೇಕ ಆಕೆಗೆ ಅಲ್ಲಿಯೇ ಕೈಗೂಡಿರಬೇಕೆಂದು ನಮ್ಮ ಊಹೆ.

1899ರ ಕೊನೆಯಲ್ಲಿ ಜೆರೂಸಲೇಮಿಗೆ ಬಂದು ಅರಬ್ಬಿ ಭಾಷೆಯ ಅಭ್ಯಾಸಕ್ಕೆ ಕುಳಿತಳು. ಯಾವುದಕ್ಕೂ ಮೊದಲು ಭಾಷೆ! ಮುಂಬಯಿಗೆ ಬಂದ ನಮ್ಮ ಹೋಟೆಲ್ ಹುಡುಗನು ಎರಡು ತಿಂಗಳಲ್ಲಿ ಮರಾಠಿ ಹಿಂದಿಗಳನ್ನು ಕಲಿಯದಿದ್ದರೆ ಗಿರಾಕಿಯ ಬೈಗುಳವೂ ತಿಳಿಯದು, ಮೆಚ್ಚುಗೆಯೂ ತಿಳಿಯದು. ಮರಳುಗಾಡಿನಲ್ಲಿ ಆ ಅಜ್ಞಾನದ ಬೆಲೆ ಪ್ರಾಣವೇ ಆಗಬಹುದು. ದುಭಾಷಿಯ ಹಂಗಿಲ್ಲದೆ ಮಾತನಾಡಬಲ್ಲವಳಾದುದರಿಂದ, ಯಾರಿಗೆ ಯಾರ ಮೇಲೆ ಹಗೆ, ಯಾವ ಬಾವಿ ಬತ್ತಿದೆ, ಯಾವ ಕುಲ ದಂಡೆತ್ತಿ ಹೊರಟಿದೆ ಎಂಬ ಸುದ್ದಿಗಳನ್ನು ಆಕೆ ನೇರವಾಗಿ ಒಲೆಯ ಮುಂದೆ ಕುಳಿತು ಕೇಳಿ ತಿಳಿಯುತ್ತಿದ್ದಳು. ಪೆತ್ರಾ, ಪಾಲ್ಮೈರಾಗಳನ್ನು ಕಂಡು, 1905ರಲ್ಲಿ ಸಿರಿಯಾ ದೇಶವನ್ನು ಉದ್ದಕ್ಕೂ ಹಾಯ್ದಳು. ಆ ಪ್ರವಾಸದಲ್ಲಿಯೇ ಅಲೆಪ್ಪೋ ನಗರದ ಫತ್ತೂಹ್ ಎಂಬ ಆರ್ಮೇನಿಯನ್ ಆಳು ಆಕೆಯ ಸೇವೆಗೆ ಸೇರಿದನು.

ಈಗ ಮರಳುಗಾಡಿನ ಕಾನೂನಿನ ಮಾತು. ಅಲ್ಲಿ ಅಂದು ಠಾಣೆಯಿರಲಿಲ್ಲ, ಪೊಲೀಸರಿರಲಿಲ್ಲ. ಪ್ರತಿಯೊಂದು ಕುಲಕ್ಕೂ ತನ್ನದೇ ಆದ ಮೇವುನೆಲ ಮತ್ತು ಬಾವಿಗಳು. ಪರಸ್ಥಳದವನು ಅದನ್ನು ದಾಟಬೇಕಾದರೆ ಆ ಕುಲದವನೊಬ್ಬನನ್ನು ಅಲ್ಪ ಸಂಬಳ ಕೊಟ್ಟು ಜೊತೆಗೆ ಕರೆದೊಯ್ಯಬೇಕು. ಅವನಿಗೆ ರಫೀಕನೆಂದು ಹೆಸರು. ಅವನು ಜೊತೆಗಿರುವವರೆಗೆ ಅವನ ಕುಲದವರಾಗಲಿ ಅವರ ಮಿತ್ರಕುಲದವರಾಗಲಿ ಪ್ರಯಾಣಿಕನನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಅಪಮಾನವಾಗುವುದು ರಫೀಕನಿಗೆ. ಗಡಿ ದಾಟಿದೊಡನೆ ಮುಂದಿನ ಕುಲದ ರಫೀಕನನ್ನು ಹುಡುಕಬೇಕು. ಇದರೊಡನೆ ಅತಿಥಿಧರ್ಮ. ಗುಡಾರದೊಳಗೆ ಬಂದು ಅನ್ನ ಉಂಡವನನ್ನು ಕಾಯುವುದು ಗುಡಾರದೊಡೆಯನ ಹೊಣೆ. ಆದುದರಿಂದ ಬೆಲ್ ಯಾವ ಪ್ರದೇಶಕ್ಕೆ ಕಾಲಿಟ್ಟರೂ ಕದ್ದು ದಾಟಲು ನೋಡದೆ, ಅಲ್ಲಿಯ ಶೇಖನ ಗುಡಾರವನ್ನೇ ಹುಡುಕಿಕೊಂಡು ಹೋಗಿ, ಉಡುಗೊರೆಯಿತ್ತು, ಕಾಫಿ ಕುಡಿದು, ಆಮೇಲೆಯೇ ಮುಂದುವರಿಯುತ್ತಿದ್ದಳು. ಪರಸ್ಥಳದಲ್ಲಿ ಬಾಳುವ ನಮಗೆ ಈ ಪದ್ಧತಿ ಅಪರಿಚಿತವೇನೂ ಅಲ್ಲ. ದಾದರಿನಲ್ಲಿ ಮೊದಲ ಬಾರಿಗೆ ಇಳಿದವನ ಕಿಸೆಯಲ್ಲಿ ಊರವರೊಬ್ಬರ ಹೋಟೆಲಿನ ವಿಳಾಸವಿದ್ದರೆ ಅವನ ಧೈರ್ಯವೇ ಬೇರೆ.

ಆಕೆಯ ಅತ್ಯಂತ ಅಪಾಯಕರವಾದ ಪಯಣ ಆರಂಭವಾದುದು 1913ರ ಡಿಸೆಂಬರ್ 16ರಂದು, ದಮಾಸ್ಕಸ್ಸಿನಿಂದ. ಗುರಿ ಮಧ್ಯ ಅರಬಸ್ತಾನ. ಹೊರಡುವ ಮುನ್ನ ಲಂಡನ್ನಿನ ರಾಯಲ್ ಭೂಗೋಳ ಸಂಘದಲ್ಲಿ ಅಳತೆಯ ಉಪಕರಣಗಳನ್ನು ಬಳಸಿ ನಕ್ಷೆ ಬರೆಯುವ ವಿದ್ಯೆಯನ್ನು ಕಲಿತಿದ್ದಳು. ಸುಮಾರು ಇಪ್ಪತ್ತು ಒಂಟೆಗಳು, ಎರಡು ಗುಡಾರಗಳು, ಶೇಖರಿಗೆಂದು ಉಡುಗೊರೆಗಳು, ಒಂಟೆಯಾಳುಗಳು, ಅಡುಗೆಯವನು. ಫತ್ತೂಹನು ವಿಷಮಶೀತಜ್ವರದಿಂದ ಮಲಗಿ ಹಿಂದುಳಿದು, ಕೆಲವು ವಾರಗಳ ಮೇಲೆ ಬಂದು ಕೂಡಿಕೊಂಡನು.

ದಮಾಸ್ಕಸ್ಸನ್ನು ಬಿಟ್ಟು ವಾರ ಕಳೆಯುವ ಮೊದಲೇ ಕುದುರೆಯ ಸವಾರನೊಬ್ಬನು ಗುಂಡು ಹಾರಿಸುತ್ತ ಮೇಲೇರಿ ಬಂದನು. ಅವನ ಹಿಂದೆ ಅವನ ಕಡೆಯವರು. ಆಳುಗಳ ಆಯುಧಗಳನ್ನೂ ಮೇಲುಹೊದಿಕೆಗಳನ್ನೂ ಕಿತ್ತುಕೊಂಡರು. ಬೆಲ್ ಒಂಟೆಯ ಮೇಲೆ ಅಲುಗದೆ ಕುಳಿತಿದ್ದಳು. ಆಕೆ ಕೈಚೆಲ್ಲುವುದನ್ನು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲ. ಅಷ್ಟರಲ್ಲಿ ಬಂದ ಇಬ್ಬರು ಶೇಖರು ಆಕೆಯ ಆಳುಗಳ ಮುಖಪರಿಚಯ ಹಿಡಿದರು. ಕಸಿದ ವಸ್ತುಗಳೆಲ್ಲ ಹಿಂದಕ್ಕೆ ಬಂದವು. ಅಂದು ಆಕೆಯನ್ನು ಉಳಿಸಿದುದು ಆಕೆಯ ಬಂದೂಕವಲ್ಲ, ಬ್ರಿಟಿಷ್ ಸಾಮ್ರಾಜ್ಯದ ಹೆಸರೂ ಅಲ್ಲ, ಒಂಟೆಯಾಳುಗಳ ಪರಿಚಯ. ಆಕೆಯ ಚರಿತ್ರೆ ಬರೆದ ಅನೇಕರು ಆಕೆಯನ್ನು ಒಂಟಿ ಪಯಣಿಗಳೆಂದೇ ಕೊಂಡಾಡುತ್ತಾರೆ. ನಾವೂ ಶಿರೋನಾಮೆಯಲ್ಲಿ ಅದೇ ಮಾತನ್ನು ಇಟ್ಟಿದ್ದೇವೆ, ರೂಢಿಯ ಮಾತೆಂದು. ಆದರೆ ಗುಡಾರ ಹೂಡಿದವರು, ರೊಟ್ಟಿ ಸುಟ್ಟವರು, ರಾತ್ರಿ ಕಾವಲಿದ್ದವರು ಲೆಕ್ಕಕ್ಕೆ ಬಾರದಿರುವುದು ಹೇಗೆ? ಗಲ್ಲದ ಮೇಲೆ ಕುಳಿತ ಯಜಮಾನನ ಹೆಸರಿನಲ್ಲಿ ಹೋಟೆಲು ನಡೆಯುತ್ತದೆ. ಒಳಗೆ ಒಲೆಯ ಮುಂದೆ ನಿಂತ ಭಟ್ಟರನ್ನು ಊರು ಕಾಣುವುದಿಲ್ಲ. ಎರಡು ಕಡೆಯೂ ಇದ್ದು ನೋಡಿದ ನಮಗೆ ಈ ವಿಷಯದಲ್ಲಿ ಸಂದೇಹವಿಲ್ಲ.

1914ರ ಜನವರಿಯಲ್ಲಿ, ಈಗಿನ ಜೋರ್ಡಾನಿನ ಜಿಜಾ ಎಂಬಲ್ಲಿ ತುರ್ಕಿಯ ಅಧಿಕಾರಿಗಳು ಅಡ್ಡಗಟ್ಟಿದರು. ಬ್ರಿಟಿಷ್ ರಾಯಭಾರಿಯೂ ಮುಂದೆ ಹೋದರೆ ತನ್ನ ಸರಕಾರಕ್ಕೆ ಹೊಣೆಯಿಲ್ಲವೆಂದು ತಿಳಿಸಿಬಿಟ್ಟನು. ತುರ್ಕಿಯ ಸರಕಾರವೂ ತನ್ನ ಕ್ಷೇಮಕ್ಕೆ ಜವಾಬ್ದಾರಿಯಲ್ಲವೆಂದು ಆಕೆ ಕಾಗದಕ್ಕೆ ರುಜು ಹಾಕಿಕೊಟ್ಟು ಮುನ್ನಡೆದಳು. ಇದು ಎದೆಗಾರಿಕೆಯೇ ಸರಿ, ಆದರೆ ಅನುಕರಣೀಯವೆಂದು ನಾವು ಹೇಳಲಾರೆವು. ಇಂದು ಮರಳುಗಾಡಿನ ರಕ್ಷಿತ ಉದ್ಯಾನಗಳಿಗೆ ಕಾರಿನಲ್ಲಿ ಒಬ್ಬರೇ ಹೋಗುವ ಹೆಂಗಸರಿಗೆ ಅನುಭವಿಗಳು ಹೇಳುವ ಮೊದಲ ಬುದ್ಧಿಮಾತು, ಹೋಗುವ ದಾರಿಯನ್ನೂ ಮರಳುವ ದಿನವನ್ನೂ ಒಬ್ಬರಿಗಾದರೂ ತಿಳಿಸಿ ಹೊರಡಬೇಕೆಂಬುದು. ಎರಡನೆಯದು, ಗಾಡಿ ಕೆಟ್ಟರೆ ಗಾಡಿಯ ಬಳಿಯಲ್ಲಿಯೇ ಇರಬೇಕೆಂಬುದು. ಹುಡುಕುವವರಿಗೆ ನಡೆದುಹೋಗುವ ಮನುಷ್ಯನಿಗಿಂತ ನಿಂತ ಗಾಡಿ ಬೇಗ ಕಾಣುತ್ತದೆ. ನೀರಂತೂ ತಲೆಗೆ ದಿನಕ್ಕೆ 4 ಲೀಟರಿಗೆ ಕಡಮೆಯಿರಕೂಡದೆಂದು ಅಮೆರಿಕದ ಡೆತ್ ವ್ಯಾಲಿ ಉದ್ಯಾನದವರ ಸೂಚನೆ.

ನಫೂದಿನ ಮರಳದಿಬ್ಬಗಳನ್ನು ದಾಟಿ ಫೆಬ್ರವರಿಯ ಕೊನೆಯಲ್ಲಿ ಆಕೆ ಹಾಯಿಲ್ ಪಟ್ಟಣವನ್ನು ಮುಟ್ಟಿದಳು. ಅದು ರಶೀದ್ ವಂಶದ ರಾಜಧಾನಿ. ಆಕೆಗಿಂತ ಮೊದಲು ಅಲ್ಲಿಗೆ ಹೋಗಿದ್ದ ಐರೋಪ್ಯ ಮಹಿಳೆಯೆಂದರೆ 1879ರಲ್ಲಿ ಗಂಡನೊಡನೆ ಹೋದ ಲೇಡಿ ಆನ್ ಬ್ಲಂಟ್ ಒಬ್ಬಳೇ. ಹದಿಹರೆಯದ ಅಮೀರನು ದಂಡಿನೊಡನೆ ದೂರ ಹೋಗಿದ್ದನು. ಬೆಲ್‌ಗೆ ವಸತಿ, ಊಟ, ಉಪಚಾರಗಳೆಲ್ಲ ದೊರೆತವು, ಹೊರಗೆ ಹೋಗಲು ಮಾತ್ರ ಅಪ್ಪಣೆಯಿಲ್ಲ! ದಮಾಸ್ಕಸ್ಸಿನಲ್ಲಿ ರಶೀದರ ಗುಮಾಸ್ತನ ಬಳಿ 200 ಪೌಂಡು ಕಟ್ಟಿ, ಹಾಯಿಲಿನಲ್ಲಿ ಪಡೆಯುವ ಹುಂಡಿ ತಂದಿದ್ದಳು. ಖಜಾನೆಯ ಬೀಗದ ಕೈ ಅಮೀರನ ಅಜ್ಜಿ ಫಾತಿಮಾಳ ಕೈಯಲ್ಲಿದ್ದು, ಆ ಹಣವೂ ಸಿಕ್ಕಲಿಲ್ಲ. ಹತ್ತು ದಿನಕ್ಕೂ ಮಿಕ್ಕಿ ಹೀಗೆ ಬಂಗಾರದ ಪಂಜರದ ವಾಸ. ಅಂತಃಪುರದ ತುರ್ಕಿಯ್ಯಾ ಎಂಬ ಸರ್ಕೇಶಿಯನ್ ಹೆಂಗಸು ಆಗಾಗ ಬಂದು ಒಳಗಿನ ಸಮಾಚಾರ ಹೇಳುತ್ತಿದ್ದಳು. ಕೊನೆಗೊಂದು ದಿನ ಬೆಲ್ ಅರಮನೆಯ ಅಧಿಕಾರಿಯೊಡನೆ ನಿಷ್ಠುರವಾಗಿ ಮಾತನಾಡಿ, ಮಾತಿನ ನಡುವೆಯೇ ಎದ್ದು ಹೊರಟುಹೋದಳು. ಅದೇ ರಾತ್ರಿ ಚೀಲದಲ್ಲಿ 200 ಪೌಂಡಿನ ಚಿನ್ನ ಬಂದಿತು. ಹೊರಡಲು ಅಪ್ಪಣೆಯೂ ಬಂದಿತು. ಆಕೆ ಕೂಡಲೇ ಓಡಿಹೋಗದೆ, ಒಂದು ದಿನ ನಿಂತು, ಹಗಲು ಬೆಳಕಿನಲ್ಲಿ ಪಟ್ಟಣದ ಛಾಯಾಚಿತ್ರಗಳನ್ನು ತೆಗೆದುಕೊಂಡೇ ಹೊರಟಳು. ದಕ್ಷಿಣದ ರಿಯಾದಿಗೆ ಹೋಗುವ ಆಸೆಯನ್ನು ಬಿಟ್ಟು ಬಾಗ್ದಾದಿನ ದಾರಿ ಹಿಡಿದು, ಮೇ ತಿಂಗಳ ಆರಂಭದಲ್ಲಿ ದಮಾಸ್ಕಸ್ಸಿಗೆ ಮರಳಿದಳು.

ಅದೇ ಹಾಯಿಲ್ 1921ರಲ್ಲಿ ಇಬ್ನ್ ಸೌದನ ವಶವಾಯಿತು. ಆ ದೇಶದಲ್ಲಿ ಹೆಂಗಸರಿಗೆ ಕಾರು ನಡೆಸುವ ಹಕ್ಕು ದೊರೆತುದು 2018ರ ಜೂನ್ 24ರಿಂದ. 21 ವಯಸ್ಸು ದಾಟಿದ ಹೆಂಗಸು ಪುರುಷ ಪೋಷಕನ ಒಪ್ಪಿಗೆಯಿಲ್ಲದೆ ಪಾಸ್‌ಪೋರ್ಟು ಪಡೆಯಬಹುದೆಂದು 2019ರಲ್ಲಿ ಆಜ್ಞೆಯಾಯಿತು. ಕೊಲ್ಲಿಯ ನಾಡುಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಮನೆಗಳವರಿಗೆ ಇದು ತಿಳಿದ ಸಂಗತಿಯೇ. ಬೆಲ್ ಮಾತ್ರ ತನ್ನ ದೇಶದ ಹೆಂಗಸರಿಗೆ ಮತದಾನದ ಹಕ್ಕು ಕೊಡಕೂಡದೆಂದು 1908ರಲ್ಲಿ ಹುಟ್ಟಿದ ಸಂಘದಲ್ಲಿ ದುಡಿದವಳು. ತನಗೆ ದೊರೆತ ಸ್ವಾತಂತ್ರ್ಯವು ತಂದೆಯ ಹಣದ ಬಲದಿಂದ ದೊರೆತುದೆಂಬುದು ಆಕೆಗೆ ಹೊಳೆಯಲಿಲ್ಲವೇನೋ.

ಮುಂದಿನದು ರಾಜಕಾರಣದ ಕಥೆ, ಸಂಕ್ಷೇಪವಾಗಿ ಹೇಳುತ್ತೇವೆ. ಮೊದಲ ಮಹಾಯುದ್ಧದಲ್ಲಿ ಆಕೆಗೆ ಗೊತ್ತಿದ್ದ ಬಾವಿಗಳೂ ಕುಲಗಳೂ ಬ್ರಿಟಿಷ್ ಸೇನೆಗೆ ಬೇಕಾದವು. ಕೈರೋದಲ್ಲಿದ್ದ ಆಕೆ 1916ರ ಆರಂಭದಲ್ಲಿ ದೆಹಲಿಗೆ ಬಂದು ವೈಸರಾಯ್ ಹಾರ್ಡಿಂಜನನ್ನು ಕಂಡು ಬಸ್ರಾಕ್ಕೆ ತೆರಳಿದಳು. ಅದೇ ಯುದ್ಧದ ಪ್ಯಾಲೆಸ್ತೀನ್ ರಂಗದಲ್ಲಿ, 1918ರ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರೊಡನೆ ಹೈಫಾ ಪಟ್ಟಣವನ್ನು ಗೆದ್ದರು. ದೆಹಲಿಯ ಬಂಧುಗಳು ದಿನವೂ ಕಾಣುವ ತೀನ್ ಮೂರ್ತಿ ಸ್ಮಾರಕ ಅವರ ದಳದ ನೆನಪಿಗೇ ನಿಂತಿರುವುದು. 1921ರಲ್ಲಿ ಫೈಸಲನನ್ನು ಇರಾಕಿನ ಸಿಂಹಾಸನಕ್ಕೆ ಏರಿಸಿದವರಲ್ಲಿ ಬೆಲ್ ಪ್ರಮುಖಳು. ಅದರ ಹಿಂದಿನ ವರ್ಷವೇ ಇರಾಕಿನ ಜನ ಬ್ರಿಟಿಷರ ವಿರುದ್ಧ ದಂಗೆಯೆದ್ದಿದ್ದರು. ದಂಗೆಯನ್ನು ವಿಮಾನಗಳಿಂದಲೂ ಅಡಗಿಸಲಾಗಿದ್ದಿತು. ಗುಡಾರದ ಅನ್ನ ಉಂಡವಳು ಆ ಗುಡಾರದವರ ಮೇಲೆ ಆಳ್ವಿಕೆ ನಡೆಸಿದವರ ಪಕ್ಷದಲ್ಲಿ ನಿಂತಳೆಂಬ ಮಾತನ್ನು ಮರೆಮಾಚಿ ಬರೆಯುವುದು ನಮಗೆ ಸಾಧ್ಯವಿಲ್ಲ.

ಕೊನೆಯ ವರ್ಷಗಳಲ್ಲಿ ರಾಜಕೀಯದ ಕೆಲಸ ಕಡಮೆಯಾಗಿ, ಆಕೆ ಇರಾಕಿನ ಪುರಾತನ ವಸ್ತುಗಳ ರಕ್ಷಣೆಗೆ ತೊಡಗಿದಳು. 1926ರ ಜೂನಿನಲ್ಲಿ ಬಾಗ್ದಾದಿನ ವಸ್ತುಸಂಗ್ರಹಾಲಯದ ಮೊದಲ ಕೊಠಡಿ ತೆರೆಯಿತು. ಆ ವೇಳೆಗೆ ತಮ್ಮ ಹ್ಯೂಗೋ ವಿಷಮಶೀತಜ್ವರದಿಂದ ತೀರಿಕೊಂಡಿದ್ದನು. ಮನೆತನದ ಸಂಪತ್ತು ಕರಗಿದ್ದಿತು. ಆಕೆಯ ದೇಹವೂ ಸೋತಿದ್ದಿತು. ಜುಲೈ 12ರಂದು, 58 ತುಂಬಲು ಎರಡು ದಿನಗಳಿರುವಾಗ, ಮಿತಿಮೀರಿದ ನಿದ್ರೆಗುಳಿಗೆಗಳಿಂದ ಮರಣ ಹೊಂದಿದಳು. ಮರಳುಗಾಡಿನಲ್ಲಿ ಅಲ್ಲ, ಬಾಗ್ದಾದಿನ ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ. ಅಂದು ಸಂಜೆಯೇ ಅಲ್ಲಿಯ ಬ್ರಿಟಿಷ್ ಸ್ಮಶಾನದಲ್ಲಿ ಶವಸಂಸ್ಕಾರವಾಯಿತು. ಆಕೆ ಕೂಡಿಸಿಟ್ಟ ಸಂಗ್ರಹಾಲಯವು 1966ರಲ್ಲಿ ಹೊಸ ಕಟ್ಟಡಕ್ಕೆ ಹೋಯಿತು. 2003ರ ಯುದ್ಧದಲ್ಲಿ ಅದನ್ನು ಸೂರೆಮಾಡಿದರು. ಸುಮಾರು 15,000 ವಸ್ತುಗಳು ಕಾಣೆಯಾದವು. ಅವುಗಳಲ್ಲಿ ಸಾವಿರಾರು ಮರಳಿ ಬಂದಿವೆ. 2015ರಲ್ಲಿ ಅದರ ಬಾಗಿಲು ಸಾರ್ವಜನಿಕರಿಗೆ ಪುನಃ ತೆರೆಯಿತು.