ನಮ್ಮ ಬೆರಳು ಪಳಗಿಸಿದ ಶಾಸಕ

ಫೋನಿನಲ್ಲಿ ಇಂಗ್ಲಿಷ್ ಕೀಬೋರ್ಡ್ ತೆರೆದರೆ ಮೇಲಿನ ಸಾಲಿನಲ್ಲಿ ಕ್ಯೂ, ಡಬ್ಲ್ಯು, ಇ, ಆರ್, ಟಿ, ವೈ. ಗಾಜಿನ ಪರದೆಯ ಮೇಲೆ ಅಕ್ಷರಗಳನ್ನು ಹೇಗೆ ಬೇಕಾದರೂ ಜೋಡಿಸಬಹುದು. ಆದರೂ ನನ್ನ ಹೆಬ್ಬೆರಳು ಓಡಾಡುತ್ತಿರುವುದು 1870ರ ದಶಕದ ಒಂದು ಕಬ್ಬಿಣದ ಯಂತ್ರದ ಮೇಲೆ. ಇದನ್ನು ಮಾಡಿದ್ದು ಯಾರಪ್ಪಾ ಅಂತ ಹುಡುಕಿದಾಗ ನನಗೆ ಸಿಕ್ಕಿದ್ದು ಎಂಜಿನಿಯರ್ ಅಲ್ಲ, ಒಬ್ಬ ಪತ್ರಕರ್ತ, ರಾಜಕಾರಣಿ: ಕ್ರಿಸ್ಟೋಫರ್ ಲೇಥಮ್ ಶೋಲ್ಸ್.

ಶೋಲ್ಸ್ ಹುಟ್ಟಿದ್ದು 1819ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಹುಡುಗನಾಗಿದ್ದಾಗಲೇ ಮುದ್ರಣದ ಕೆಲಸ ಕಲಿತರು. ಮುಂದೆ ವಿಸ್ಕಾನ್ಸಿನ್‌ನ ಕೆನೋಶಾದಲ್ಲಿ ಪತ್ರಿಕೆ ನಡೆಸಿದರು, ಗುಲಾಮಗಿರಿ ಹಬ್ಬುವುದನ್ನು ವಿರೋಧಿಸುತ್ತಿದ್ದ ಫ್ರೀ ಸಾಯಿಲ್ ಪಕ್ಷದಲ್ಲಿದ್ದರು, ಶಾಸನಸಭೆಗೂ ಹೋದರು. 1851ರಲ್ಲಿ ಅದೇ ಊರಿನಲ್ಲಿ ಜಾನ್ ಮೆಕ್ಯಾಫ್ರಿ ಎಂಬಾತನನ್ನು ಸಾವಿರಾರು ಜನರೆದುರು ಗಲ್ಲಿಗೇರಿಸಲಾಯಿತು. ಮರಣದಂಡನೆಯ ವಿರುದ್ಧ ಶೋಲ್ಸ್ ಬರೆದರು, ಸದನದಲ್ಲಿ ಹೋರಾಡಿದರು. 1853ರಲ್ಲಿ ವಿಸ್ಕಾನ್ಸಿನ್ ಆ ಶಿಕ್ಷೆಯನ್ನೇ ರದ್ದು ಮಾಡಿತು. ನನಗೆ ಕೇಳಿದರೆ ಅವರ ದೊಡ್ಡ ಕೆಲಸ ಇದೇ. ಜಗತ್ತು ನೆನಪಿಟ್ಟಿದ್ದು ಮಾತ್ರ ಇನ್ನೊಂದನ್ನು.

ಅದು ಶುರುವಾಗಿದ್ದು ಪುಟಗಳಿಗೆ ಅಂಕಿ ಒತ್ತುವ ಒಂದು ಯಂತ್ರದಿಂದ. ಅಂಕಿ ಆಗುತ್ತೆ ಅಂದಮೇಲೆ ಅಕ್ಷರ ಯಾಕಾಗಬಾರದು ಎಂಬ ಯೋಚನೆ ಹುಟ್ಟಿತು. ಮಿಲ್ವಾಕಿಯ ಒಂದು ವರ್ಕ್‌ಶಾಪಿನಲ್ಲಿ ಗ್ಲಿಡನ್, ಸೂಲ್ ಜೊತೆ ಸೇರಿ ಮಾಡಿದ ಯಂತ್ರಕ್ಕೆ 1868ರಲ್ಲಿ ಪೇಟೆಂಟ್ ಸಿಕ್ಕಿತು. ಆಗ ಕೀಲಿಗಳಿದ್ದದ್ದು ಪಿಯಾನೋದಂತೆ, ಅಕ್ಷರಮಾಲೆಯ ಕ್ರಮದಲ್ಲಿ. ನಂತರದ ವರ್ಷಗಳಲ್ಲಿ ಅವರು ಅಕ್ಷರಗಳನ್ನು ಮತ್ತೆ ಮತ್ತೆ ಸ್ಥಳಾಂತರಿಸಿದರು. ಲೋಹದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲಿ ಅಂತ ಕೆಲವರು, ಟೆಲಿಗ್ರಾಫ್ ನೌಕರರ ಅನುಕೂಲಕ್ಕೆ ಅಂತ ಇನ್ನು ಕೆಲವರು. ಈ ಜಗಳ ಇವತ್ತಿಗೂ ಮುಗಿದಿಲ್ಲ. ಮಧ್ಯದ ಸಾಲು ನೋಡಿ, ಡಿ, ಎಫ್, ಜಿ, ಎಚ್, ಜೆ, ಕೆ, ಎಲ್: ಹಳೆಯ ಕ್ರಮದ ಪಳೆಯುಳಿಕೆ.

1873ರಲ್ಲಿ ಬಂದೂಕು ಮತ್ತು ಹೊಲಿಗೆ ಯಂತ್ರ ಮಾಡುತ್ತಿದ್ದ ರೆಮಿಂಗ್ಟನ್ ಕಂಪನಿ ತಯಾರಿಕೆ ಹೊತ್ತುಕೊಂಡಿತು. ಮರುವರ್ಷ ಮಾರುಕಟ್ಟೆಗೆ ಬಂದ ಯಂತ್ರ ಹೊಲಿಗೆ ಯಂತ್ರದ ಹಾಗೆಯೇ ಇತ್ತು: ಮೈಮೇಲೆ ಹೂವಿನ ಚಿತ್ತಾರ, ಕಾಲಿಗೊಂದು ತುಳಿಮಣೆ. ಬೆಲೆ 125 ಡಾಲರ್. ಬರೀ ದೊಡ್ಡಕ್ಷರಗಳು. ಅಚ್ಚು ಕಾಗದದ ಅಡಿಯಿಂದ ಬೀಳುತ್ತಿತ್ತು, ಹಾಗಾಗಿ ಏನು ಬರೆದೆವೆಂದು ಬರೆಯುವವರಿಗೇ ಕಾಣುತ್ತಿರಲಿಲ್ಲ! ಹೆಚ್ಚು ಮಾರಾಟವಾಗಲಿಲ್ಲ. ಶೋಲ್ಸ್ ಹಕ್ಕು ಮಾರಿ ಹೊರನಡೆದರು. 1878ರ ಮಾದರಿಗೆ ಶಿಫ್ಟ್ ಕೀಲಿ ಬಂತು, ಟೈಪಿಂಗ್ ಕಲಿಸುವ ಶಾಲೆಗಳು ಹುಟ್ಟಿದವು, ಹೆಣ್ಣುಮಕ್ಕಳು ಆಫೀಸಿಗೆ ಕಾಲಿಟ್ಟರು, ಗಂಡಸರಿಗಿಂತ ಕಡಿಮೆ ಸಂಬಳಕ್ಕೆ. 1893ರಲ್ಲಿ ದೊಡ್ಡ ತಯಾರಕರು ಒಂದೇ ಕೂಟ ಕಟ್ಟಿಕೊಂಡರು. ಜೋಡಣೆ ಗಟ್ಟಿಯಾಗಿದ್ದು ಹೀಗೆ. ಅದೇ ಅತ್ಯುತ್ತಮ ಅಂತ ಯಾರೂ ಮತ ಹಾಕಿರಲಿಲ್ಲ.

ಇದು ಕನ್ನಡಕ್ಕೂ ಬಂದಿದೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ಇಂಗ್ಲಿಷಿನ ಕೆ ಇರುವಲ್ಲಿ ನಮ್ಮ ಕ, ಶಿಫ್ಟ್ ಒತ್ತಿದರೆ ಖ. ಅಲ್ಪಪ್ರಾಣ, ಮಹಾಪ್ರಾಣವನ್ನು ಅಷ್ಟು ಸರಳವಾಗಿ ಹೊಂದಿಸಿದ್ದು ರಾವ್ ಅವರ ಜಾಣ್ಮೆ. ಆದರೆ ಕ ಎಲ್ಲಿ ಕೂರಬೇಕು ಅನ್ನೋದು ಮಿಲ್ವಾಕಿಯಲ್ಲೇ ತೀರ್ಮಾನವಾಗಿತ್ತು.

ಶೋಲ್ಸ್ ಸ್ವತಃ ತೃಪ್ತರಾಗಿರಲಿಲ್ಲ. ಕ್ಷಯ ಕಾಡುತ್ತಿದ್ದಾಗಲೂ ಹೊಸ ಯಂತ್ರ ಕಟ್ಟುತ್ತಿದ್ದರು. 1889ರಲ್ಲಿ ಬೇರೆಯದೇ ಅಕ್ಷರ ಜೋಡಣೆಯಿದ್ದ ಯಂತ್ರಕ್ಕೆ ಪೇಟೆಂಟ್ ಅರ್ಜಿ ಹಾಕಿ, 1890ರ ಫೆಬ್ರವರಿಯಲ್ಲಿ ತೀರಿಕೊಂಡರು. ಪೇಟೆಂಟ್ ಬಂದಿದ್ದು 1896ರಲ್ಲಿ. ಅಷ್ಟರಲ್ಲಿ ಹಳೆಯ ಜೋಡಣೆಯಲ್ಲೇ ಬೆರಳು ಪಳಗಿಸಿಕೊಂಡವರು ಆಫೀಸುಗಳಲ್ಲಿ ಕೂತಾಗಿತ್ತು.